ಕತ್ತಿನಲ್ಲಿ ಬಡಿಯುತ್ತಿದ್ದ ನಾಡಿ: ಒಂದು ಪೇಸ್‌ಮೇಕರ್ ಆಯ್ಕೆಯ ಪ್ರಕರಣ

ಈ ಪ್ರಕರಣದಲ್ಲಿ ಹೆಸರು, ವಯಸ್ಸು, ಊರಿನ ಗುರುತು ಎಲ್ಲ ಬದಲಿಸಿದ್ದೇನೆ. ರೋಗಿಯನ್ನು ಪಾರ್ವತವ್ವ ಅಂತ ಕರೆಯುತ್ತೇನೆ. ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ ಫಿಸಿಷಿಯನ್. ಪೇಸ್‌ಮೇಕರ್ ಅಂದರೆ ನಿಧಾನವಾದ ಹೃದಯವನ್ನು ಕರೆಂಟ್ ಕೊಟ್ಟು ಬಡಿಸುವ ಪುಟ್ಟ ಯಂತ್ರ. ಅದನ್ನು ಹಾಕುವವನು ನಾನಲ್ಲ. ಆದರೆ ನಗರದ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ಎರಡು ಮೂರು ಬಗೆಯ ಯಂತ್ರ ಹೇಳಿದ ಮೇಲೆ, ಮನೆಯವರು ಫೋನ್ ಮಾಡಿ "ಯಾವುದು ಸಾಕು?" ಅಂತ ಕೇಳುವುದು ನಮ್ಮಂಥವರನ್ನೇ. ಪಾರ್ವತವ್ವನ ವಿಷಯದಲ್ಲಿ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಎಲ್ಲಿ ತಪ್ಪಿತು ಅನ್ನೋದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಪಾರ್ವತವ್ವನಿಗೆ 66 ವರ್ಷ. ಸೊಸೆಯ ಜೊತೆ ಸೇರಿ ಖಾನಾವಳಿ ನಡೆಸುತ್ತಾರೆ. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುವ ಕೈ. ಮೊದಲ ಸಲ ನನ್ನ ಹತ್ತಿರ ಬಂದದ್ದು ಹೃದಯ ತೋರಿಸಲಿಕ್ಕಲ್ಲ, ಸುಟ್ಟ ಗಾಯ ತೋರಿಸಲಿಕ್ಕೆ. ಬಲ ಮುಂಗೈ ಮೇಲೆ ಹಂಚಿನ ಅಂಚು ತಾಗಿ ಉದ್ದಕ್ಕೆ ಬೊಬ್ಬೆ ಎದ್ದಿತ್ತು.

"ಕಣ್ಣಿಗೆ ಕತ್ತಲಿ ಬಂತ್ರಿ ಡಾಕ್ಟ್ರ. ಹಂಗ ಒಲಿ ಮುಂದ ಬಾಗಿಬಿಟ್ಟೆ. ಪಿತ್ತ ಇರಬೇಕು."

ನಾಡಿ ಹಿಡಿದೆ. ಒಂದು ನಿಮಿಷಕ್ಕೆ 38. ಆರಾಮಾಗಿ ಕೂತ ದೊಡ್ಡವರಿಗೆ 60ರಿಂದ 100 ಇರುತ್ತದೆ. ಇಸಿಜಿಯಲ್ಲಿ ಮೇಲಿನ ಕೋಣೆಯ ಬಡಿತ ಒಂದೊಂದಕ್ಕೂ ಕೆಳಗಿನ ಕೋಣೆಯ ಬಡಿತ ಸರಿಯಾಗಿ ಜೋಡಿಯಾಗಿತ್ತು. ಮೇಲಿನಿಂದ ಕೆಳಗೆ ಕರೆಂಟ್ ಸಾಗಿಸುವ ಹೃದಯದ ಸ್ವಂತ ತಂತಿ ಚೆನ್ನಾಗಿದೆ, ಬಡಿತ ಹುಟ್ಟಿಸುವ ಸೈನಸ್ ನೋಡ್ ಮಾತ್ರ ಸೋತಿದೆ ಅಂತ ಅರ್ಥ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಮಾತು ಇದರ ಮೇಲೇ ನಿಂತಿದೆ.

ನಿಧಾನ ಬಡಿತ ಕಂಡ ಕೂಡಲೇ ಪೇಸ್‌ಮೇಕರ್ ಅನ್ನಬಾರದು. ಥೈರಾಯ್ಡ್ ಕಮ್ಮಿಯಾದರೂ ಬಡಿತ ಇಳಿಯುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿದರೂ ಇಳಿಯುತ್ತದೆ. ಬಿಪಿಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್‌ನಂಥ ಮಾತ್ರೆಗಳೂ ಇಳಿಸುತ್ತವೆ. ರಕ್ತ ಪರೀಕ್ಷೆ ಎರಡೂ ಸರಿ ಬಂದವು. ಬಿಪಿಗೆ ಅವರು ತಗೊಳ್ಳುತ್ತಿದ್ದದ್ದು ಅಮ್ಲೋಡಿಪಿನ್, ಅದು ಬಡಿತ ತಗ್ಗಿಸುವ ಗುಳಿಗೆ ಅಲ್ಲ.

"ಬೇರೆ ಏನಾದ್ರೂ ಔಷಧಿ?" "ಇಲ್ರಿ." ಮತ್ತೆ ಕೇಳಿದೆ. "ಇಲ್ರೀ ಯಪ್ಪಾ." ಮೂರನೇ ಸಲ ಕೇಳಿದಾಗ ಸೊಸೆ ಬಾಯಿ ಬಿಟ್ಟರು: "ಅತ್ತಿ, ಕಣ್ಣಿಗೆ ಹಾಕೋತೀರಲ್ಲ ಅದು?" ಪಾರ್ವತವ್ವ ಸೆರಗಿನ ಗಂಟು ಬಿಚ್ಚಿ ಪುಟ್ಟ ಬಾಟಲಿ ತೆಗೆದರು. ಟಿಮೊಲಾಲ್ ಹನಿ. ಗ್ಲಾಕೋಮಾಕ್ಕೆ, ಅಂದರೆ ಕಣ್ಣಿನ ಒತ್ತಡದ ಕಾಯಿಲೆಗೆ, ಎರಡು ವರ್ಷದಿಂದ, ದಿನಕ್ಕೆ ಎರಡು ಸಲ, ಎರಡೂ ಕಣ್ಣಿಗೆ. ಕಣ್ಣಿಗೆ ಬಿಟ್ಟದ್ದು ಮೂಗಿನ ಹಾದಿಯಿಂದ ರಕ್ತಕ್ಕೆ ಸೇರಿ ಹೃದಯವನ್ನೂ ತಲುಪುತ್ತದೆ. ಅದೂ ಅಟೆನೊಲಾಲ್ ಜಾತಿಯದೇ. ಆದರೆ ನುಂಗದ ಔಷಧಿಯನ್ನು ಔಷಧಿ ಅಂತ ನಮ್ಮ ಜನ ಲೆಕ್ಕ ಹಿಡಿಯುವುದೇ ಇಲ್ಲ.

ಕಣ್ಣಿನ ಡಾಕ್ಟರ ಜೊತೆ ಮಾತಾಡಿ, ಬಡಿತ ತಗ್ಗಿಸದ ಲಟಾನೊಪ್ರೊಸ್ಟ್ ಹನಿಗೆ ಬದಲಿಸಿದೆವು. ಒಂದು ವಾರ ಕಾದೆವು. ಹಗಲಿನ ಬಡಿತ 38ರಿಂದ ಏರಿ 46-50ರ ನಡುವೆ ನಿಂತಿತು, ಅಷ್ಟೇ. ಆಮೇಲೆ ಹೋಲ್ಟರ್ ಕಟ್ಟಿದೆವು. 24 ಗಂಟೆ ಬಡಿತ ಬರೆದುಕೊಳ್ಳುವ ಪುಟ್ಟ ಯಂತ್ರ ಅದು. ಏನಾದರೂ ಅನ್ನಿಸಿದರೆ ಹೊತ್ತು ಬರೆದಿಡಿ ಅಂತ ಸೊಸೆಗೆ ಹೇಳಿದ್ದೆ. ಅವರು ಖಾನಾವಳಿಯ ಉದ್ರಿ ಪುಸ್ತಕದ ಕೊನೇ ಹಾಳೆಯಲ್ಲೇ ಬರೆದಿದ್ದರು: "11-20, ಅತ್ತಿಗೆ ತಲಿ ತಿರುಗಿತು, ಹಿಟ್ಟಿನ ಬುಟ್ಟಿ ಹಿಡಕೊಂಡ್ರು." ಹೋಲ್ಟರ್‌ನಲ್ಲಿ 11-21ಕ್ಕೆ ಹೃದಯ 4.4 ಸೆಕೆಂಡ್ ನಿಂತಿತ್ತು.

ಅಲ್ಲಿಗೆ ಅನುಮಾನ ಮುಗಿಯಿತು. ರಾತ್ರಿ ನಿದ್ದೆಯಲ್ಲಿ 31ಕ್ಕೆ ಇಳಿದದ್ದೂ ಅದರಲ್ಲಿತ್ತು, ಆದರೆ ನಿದ್ದೆಯಲ್ಲಿ ಬಡಿತ ಇಳಿಯಿತು ಅನ್ನೋದೊಂದೇ ಕಾರಣಕ್ಕೆ ಯಾರಿಗೂ ಯಂತ್ರ ಹಾಕುವುದಿಲ್ಲ. ತಲೆ ತಿರುಗಿದ ಹೊತ್ತು, ಹೃದಯ ನಿಂತ ಹೊತ್ತು ಎರಡೂ ಒಂದೇ ಆದದ್ದು ಮುಖ್ಯ. ಆ ಉದ್ರಿ ಪುಸ್ತಕದ ಒಂದು ಸಾಲು ನನ್ನ ಎಲ್ಲ ಪರೀಕ್ಷೆಗಿಂತ ದೊಡ್ಡ ಕೆಲಸ ಮಾಡಿತು.

ಯಾವ ಯಂತ್ರ?

ನಗರದ ಆಸ್ಪತ್ರೆಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿದರು. ಹೃದಯದ ಪಂಪಿಂಗ್ ಚೆನ್ನಾಗಿತ್ತು. ಹೃದಯದ ಡಾಕ್ಟರು ಮಗನಿಗೆ ಎರಡು ದಾರಿ ಹೇಳಿದರು.

ಒಂದು, ಸಿಂಗಲ್ ಚೇಂಬರ್. ಒಂದೇ ತಂತಿ, ಕೆಳಗಿನ ಬಲ ಕೋಣೆಗೆ. ಇದನ್ನು ವಿವಿಐ ಅಂತಾರೆ. ಮೊದಲ ಅಕ್ಷರ ಯಾವ ಕೋಣೆಗೆ ಕರೆಂಟ್ ಕೊಡುತ್ತದೆ ಅನ್ನೋದು, ಎರಡನೆಯದು ಯಾವ ಕೋಣೆಯನ್ನು ಗಮನಿಸುತ್ತದೆ ಅನ್ನೋದು, ಮೂರನೆಯದು ಸ್ವಂತ ಬಡಿತ ಕಂಡಾಗ ಏನು ಮಾಡುತ್ತದೆ ಅನ್ನೋದು. ವಿ ಅಂದರೆ ಕೆಳಗಿನ ಕೋಣೆ, ಐ ಅಂದರೆ ಸ್ವಂತ ಬಡಿತ ಕಂಡರೆ ಯಂತ್ರ ಸುಮ್ಮನಿರುತ್ತದೆ. ಇನ್ನೊಂದು, ಡ್ಯುಯಲ್ ಚೇಂಬರ್, ಅಂದರೆ ಡಿಡಿಡಿ; ಡಿ ಅಂದರೆ ಎರಡೂ. ಎರಡು ತಂತಿ, ಮೇಲೊಂದು ಕೆಳಗೊಂದು. ಮೇಲಿನ ಕೋಣೆ ಮೊದಲು, ಕೆಳಗಿನದು ಆಮೇಲೆ, ದೇವರು ಇಟ್ಟ ಕ್ರಮದಲ್ಲೇ ಬಡಿಸುತ್ತದೆ. ಡಾಕ್ಟರು ಡ್ಯುಯಲ್ ಒಳ್ಳೆಯದು ಅಂದಿದ್ದರು. ಅದಕ್ಕೆ ಸುಮಾರು 90 ಸಾವಿರ ಜಾಸ್ತಿ ಅಂತ ಅಂದಾಜು ಕೊಟ್ಟಿದ್ದರು.

ಮಗ ಫೋನ್ ಮಾಡಿದರು. "ಡಾಕ್ಟ್ರ, ಪಿಗ್ಮಿ ರೊಕ್ಕ ಎಲ್ಲಾ ತಗದ್ರೂ ಸಿಂಗಲ್‌ಗೆ ಬರತೈತಿ ನೋಡ್ರಿ. ಅವ್ವಗ ಅದು ಸಾಲೂದಿಲ್ಲೇನ?"

ನಾನು ಹೇಳಿದ್ದು ಇದು: "ಹೃದಯ ನಿಲ್ಲುವುದು ದಿನಕ್ಕೆ ಎರಡು ಮೂರು ಸಲ. ಆಗ ಮಾತ್ರ ಯಂತ್ರ ಬೇಕು. ಉಳಿದ ಹೊತ್ತು ಸ್ವಂತ ಬಡಿತ ಇರುತ್ತದೆ. ಸಿಂಗಲ್ ಸಾಕು."

ಕೇಳಲಿಕ್ಕೆ ಸರಿಯಾಗೇ ಇದೆ, ಅಲ್ವಾ? ಅಪರೂಪಕ್ಕೆ ಮಾತ್ರ ನಿಲ್ಲುವ ಹೃದಯಕ್ಕೆ, ಕಾವಲಿಗೆ ಅಂತ ವಿವಿಐ ಹಾಕುವುದು ನಿಜಕ್ಕೂ ಒಪ್ಪುವ ಮಾತೇ. ಆದರೆ ನಾನು ಒಂದು ಅಂಕಿಯನ್ನು ಇನ್ನೊಂದು ಅಂಕಿಯ ಪಕ್ಕಕ್ಕೆ ಇಟ್ಟು ನೋಡಲಿಲ್ಲ. ಪಾರ್ವತವ್ವನ ಸ್ವಂತ ಬಡಿತ 46ರಿಂದ 50. ಯಂತ್ರವನ್ನು ಇಟ್ಟದ್ದು 60ಕ್ಕೆ. ಬಹಳಷ್ಟು ಯಂತ್ರ 60ಕ್ಕೆ ಇಟ್ಟುಕೊಂಡೇ ಬರುತ್ತವೆ, ಯಾರೂ ಬದಲಿಸಲಿಲ್ಲ. ಸ್ವಂತ ಬಡಿತ ಬಹುಪಾಲು ಹೊತ್ತು 60ರ ಕೆಳಗೇ ಇದ್ದರೆ ಯಂತ್ರ ಸುಮ್ಮನಿರುವುದು ಯಾವಾಗ? ಕಾವಲಿಗೆ ಅಂತ ತಂದವನು ಇಡೀ ಮನೆ ನಡೆಸಲು ಶುರುಮಾಡಿದ.

ಹಾಕುವ ಕೆಲಸ ಸಲೀಸಾಗಿ ಆಯಿತು. ಎಡ ಕೊರಳೆಲುಬಿನ ಕೆಳಗೆ, ಆ ಜಾಗವನ್ನಷ್ಟೇ ಮರಗಟ್ಟಿಸಿ. ಮೂರನೇ ದಿನ ಮನೆಗೆ. ಆರು ವಾರ ಎಡಗೈ ಭುಜದ ಮೇಲೆ ಎತ್ತಬೇಡಿ ಅಂದರು. ಮೊಬೈಲ್‌ ಯಂತ್ರದಿಂದ ಒಂದು ಗೇಣಿನಷ್ಟು ದೂರ ಇರಲಿ ಅಂದರು. ಇದನ್ನು ನಾನು ಸೊಸೆಗೆ ಬೇರೆಯಾಗಿ ಕೂರಿಸಿ ಹೇಳಬೇಕಾಯಿತು, ಯಾಕಂದರೆ ಪಾರ್ವತವ್ವನಿಗೆ ಮೊಬೈಲನ್ನು ಕುಪ್ಪಸದ ಎಡಬದಿಗೇ ಸಿಕ್ಕಿಸಿಕೊಳ್ಳುವ ರೂಢಿ.

"ಮಷೀನ್ ಸರಿ ಐತಿ"

ಬೀಳುವುದು ನಿಂತಿತು. ಮನೆಯವರಿಗೆ ಸಮಾಧಾನ, ನನಗೂ. ಎರಡನೇ ತಿಂಗಳಿಗೆ ಬೇರೆ ದೂರು ಶುರುವಾಯಿತು. ಇಪ್ಪತ್ತು ರೊಟ್ಟಿ ಬಡಿಯುವಷ್ಟರಲ್ಲಿ ಸುಸ್ತು. ಏದುಸಿರು. ರಾತ್ರಿ ಮಲಗಿದರೆ ಕತ್ತಿನಲ್ಲಿ ಏನೋ ಬಡಿಯುತ್ತದೆ.

"ಒಳಗಿಂದ ಯಾರೋ ಬಾಗಿಲಾ ಬಡದಂಗ ಆಕ್ಕೈತ್ರಿ."

ಯಂತ್ರ ಹಾಕಿದ ಆಸ್ಪತ್ರೆಗೆ ಎರಡು ಸಲ ಹೋಗಿಬಂದರು. ಬ್ಯಾಟರಿ ಚೆನ್ನಾಗಿದೆ, ತಂತಿ ಅಲುಗಿಲ್ಲ, ಮಷೀನ್ ಸರಿ ಇದೆ ಅಂತ ಚೀಟಿ ಬಂತು. ಅದು ಸುಳ್ಳಲ್ಲ. ಯಂತ್ರ ತನಗೆ ಹೇಳಿದ ಕೆಲಸ ಚಾಚೂ ತಪ್ಪದೆ ಮಾಡುತ್ತಿತ್ತು. ನಾನು ಗ್ಯಾಸಿನ ಗುಳಿಗೆ ಬರೆದುಕೊಟ್ಟೆ. ನೆರೆಹೊರೆಯವರು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಅಂದರು. ಪಾರ್ವತವ್ವನೇ ಅದನ್ನು ನಂಬಲು ಶುರುಮಾಡಿದ್ದರು. ನನಗೆ ಈಗಲೂ ಹೆಚ್ಚು ನೋವು ಕೊಡುವುದು ಇದೇ.

ನಾಲ್ಕನೇ ತಿಂಗಳು ಒಂದು ಬೆಳಗ್ಗೆ ನನ್ನೆದುರು ಕೂತು ಮಾತಾಡುತ್ತಿದ್ದರು. ಕಿಟಕಿಯ ಬೆಳಕು ಕತ್ತಿನ ಮೇಲೆ ಬಿದ್ದಿತ್ತು. ಕತ್ತಿನ ರಕ್ತನಾಳ ಒಮ್ಮೊಮ್ಮೆ ಜೋರಾಗಿ ಚಿಮ್ಮಿ ಕಿವಿಯ ಕೆಳಗಿನವರೆಗೂ ಏರುತ್ತಿತ್ತು. ಆ ಕಡೆ ಕಣ್ಣಿಟ್ಟು, ಕೈಯಲ್ಲಿ ನಾಡಿ ಹಿಡಿದು ಎರಡು ನಿಮಿಷ ಸುಮ್ಮನೆ ಕೂತೆ. ಈ ಎರಡು ನಿಮಿಷವನ್ನು ಎರಡು ತಿಂಗಳ ಹಿಂದೆಯೇ ಕೊಡಬೇಕಿತ್ತು.

ಒಳಗೆ ಆಗುತ್ತಿದ್ದದ್ದು ಇಷ್ಟು. ಸರಿಯಾದ ಹೃದಯದಲ್ಲಿ ಮೇಲಿನ ಕೋಣೆ ಮೊದಲು ಹಿಂಡುತ್ತದೆ, ರಕ್ತ ಕೆಳಗಿಳಿದು ತುಂಬಿಕೊಳ್ಳುತ್ತದೆ, ಆಮೇಲೆ ಕೆಳಗಿನ ಕೋಣೆ ಹಿಂಡುತ್ತದೆ. ವಿವಿಐ ಯಂತ್ರ ಮೇಲಿನ ಕೋಣೆಯನ್ನು ಕೇಳದೆಯೇ ಕೆಳಗಿನದನ್ನು ಬಡಿಸುತ್ತದೆ. ಪಾರ್ವತವ್ವನ ಹೃದಯದ ಸ್ವಂತ ತಂತಿ ಚೆನ್ನಾಗಿತ್ತು ಅಂದೆನಲ್ಲ, ಅದೇ ತಂತಿಯಲ್ಲಿ ಕರೆಂಟ್ ತಿರುಗಿ ಮೇಲಕ್ಕೆ ಹೋಗುತ್ತಿತ್ತು. ಕೆಳಗಿನ ಕೋಣೆ ಹಿಂಡಿ ನಡುವಿನ ಕವಾಟ ಮುಚ್ಚಿರುವ ಹೊತ್ತಿಗೇ ಮೇಲಿನ ಕೋಣೆಯೂ ಹಿಂಡುತ್ತಿತ್ತು. ರಕ್ತ ಎಲ್ಲಿಗೆ ಹೋಗಬೇಕು? ಹಿಂದಕ್ಕೆ, ಕತ್ತಿಗೆ. ಒಳಗಿಂದ ಯಾರೋ ಬಾಗಿಲು ಬಡಿದಂತೆ ಅಂದಿದ್ದರಲ್ಲ, ಅಕ್ಷರಕ್ಕಕ್ಷರ ನಿಜ. ಇದಕ್ಕೆ ಪೇಸ್‌ಮೇಕರ್ ಸಿಂಡ್ರೋಮ್ ಅನ್ನುತ್ತಾರೆ.

ಗುಮಾನಿ ಬಂದ ಮೇಲೆ ಖಚಿತ ಮಾಡಿಕೊಳ್ಳುವುದು ಕಷ್ಟವಲ್ಲ. ನಗರದ ಹೃದಯದ ಡಾಕ್ಟರಿಗೆ ಫೋನ್ ಮಾಡಿ ನಾನೂ ಜೊತೆಗೆ ಹೋದೆ. ಯಂತ್ರದ ಜೊತೆ ಹೊರಗಿನಿಂದ ಮಾತಾಡುವ ಪ್ರೋಗ್ರಾಮರ್ ಇಟ್ಟು, ಯಂತ್ರದ ಬಡಿತವನ್ನು 40ಕ್ಕೆ ಇಳಿಸಿದರು. ಸ್ವಂತ ಬಡಿತ ಮೇಲೆ ಬಂತು. ಬಿಪಿ 146/78. ಪಾರ್ವತವ್ವ ಆರಾಮಾಗಿ ಕೂತಿದ್ದರು. ಅವರಿಗೆ ಏನೂ ಹೇಳದೆ 75ಕ್ಕೆ ಏರಿಸಿದರು. ಬಡಿತವೆಲ್ಲ ಯಂತ್ರದ್ದೇ ಆಯಿತು. ಒಂದು ನಿಮಿಷ ಕಳೆಯುವ ಮೊದಲೇ ಕೈ ಕತ್ತಿಗೆ ಹೋಯಿತು. "ಇದ... ಇದ ನೋಡ್ರಿ ನಾ ಹೇಳತಿದ್ದಿದ್ದು." ಬಿಪಿ 112/70. ಇಸಿಜಿಯಲ್ಲಿ ಮೇಲಿನ ಕೋಣೆಯ ಬಡಿತ ತಲೆಕೆಳಗಾಗಿ, ಕೆಳಗಿನ ಬಡಿತದ ಹಿಂದೆ ಹಿಂದೆ ಬರುತ್ತಿತ್ತು.

ಆಗ ಅವರ ಮುಖ ನೋಡಬೇಕಿತ್ತು. ಸಂಕಟ ಇತ್ತು, ಅದಕ್ಕಿಂತ ಜಾಸ್ತಿ ನಿರಾಳ ಇತ್ತು. ತಾನು ಹೇಳಿದ್ದು ಹುಚ್ಚಲ್ಲ ಅಂತ ಪರದೆಯ ಮೇಲೆ ಎಲ್ಲರಿಗೂ ಕಂಡಿತ್ತಲ್ಲ.

ಯಂತ್ರದ ಒಳಗಿನ ಲೆಕ್ಕವನ್ನೂ ತೆಗೆದರು. ಮೊದಲ ತಿಂಗಳು 58% ಬಡಿತ ಯಂತ್ರದ್ದು. ಈಗ 91%. ಇಷ್ಟು ಏರಿದ್ದು ಹೇಗೆ? ಸೆರಗಿನ ಗಂಟು ಬಿಚ್ಚಿಸಿದೆ. ಮತ್ತೆ ಅದೇ ಟಿಮೊಲಾಲ್ ಬಾಟಲಿ. ಹೊಸ ಹನಿ ಮುಗಿದಿತ್ತು, ರೇಟೂ ಜಾಸ್ತಿ. ಹಳೇ ಚೀಟಿ ತೋರಿಸಿ ಹಳೇದನ್ನೇ ತಂದಿದ್ದರು. "ಈಗ ಮಷೀನ್ ಐತೆಲ್ರಿ, ಹೆದರಿಕಿ ಏನೈತಿ ಅಂದ್ಕೊಂಡೆ." ಅವರ ತರ್ಕ ತಪ್ಪು ಅನ್ನಲಾರೆ. ಪೇಸ್‌ಮೇಕರ್ ಇದ್ದವರಿಗೆ ಬಡಿತ ತಗ್ಗಿಸುವ ಗುಳಿಗೆಯನ್ನು ಧೈರ್ಯವಾಗಿ ಕೊಡುವ ಡಾಕ್ಟರುಗಳೂ ಇದ್ದಾರೆ, ಹೃದಯ ನಿಲ್ಲುವುದಿಲ್ಲ ಅನ್ನೋದು ನಿಜವೇ. ಆದರೆ ಸಿಂಗಲ್ ಯಂತ್ರ ಇದ್ದವರಲ್ಲಿ ಸ್ವಂತ ಬಡಿತ ಇಳಿದಷ್ಟೂ ಯಂತ್ರದ ಬಡಿತ ಏರುತ್ತದೆ.

ಏನೇನು ಮಾಡಿ ನೋಡಿದೆವು

ಮತ್ತೆ ಕೊಯ್ಯುವುದು ಯಾರಿಗೂ ಬೇಡವಾಗಿತ್ತು. ಮೊದಲು ಟಿಮೊಲಾಲ್ ನಿಲ್ಲಿಸಿ, ಯಂತ್ರವನ್ನು 45ಕ್ಕೆ ಇಳಿಸಿ ಮೂರು ವಾರ ನೋಡಿದೆವು. ಯಂತ್ರದ ಬಡಿತ 34%ಕ್ಕೆ ಬಂತು. ಕತ್ತಿನ ಬಡಿತ ಅರ್ಧ ಕಮ್ಮಿ. ಆದರೆ ಸುಸ್ತು ಹೋಗಲಿಲ್ಲ. ಕಾರಿಡಾರಿನಲ್ಲಿ ಆರು ನಿಮಿಷ ಬಿರುಸಾಗಿ ನಡೆಸಿದರೂ ಸ್ವಂತ ಬಡಿತ 68 ದಾಟಲಿಲ್ಲ. ರೊಟ್ಟಿ ಬಡಿಯುವ ಕೆಲಸಕ್ಕೆ ಅದು ಸಾಲುವುದಿಲ್ಲ.

ನಡೆದಾಗ ತಾನಾಗಿ ಬಡಿತ ಏರಿಸುವ ಸೌಲಭ್ಯ ಯಂತ್ರದಲ್ಲಿತ್ತು. ಅದನ್ನು ಆನ್ ಮಾಡೋಣವೇ ಅಂತ ಮಗ ಕೇಳಿದರು. ಜಾಣ ಪ್ರಶ್ನೆ. ಆದರೆ ಸಿಂಗಲ್ ಯಂತ್ರದಲ್ಲಿ ಅದನ್ನು ಆನ್ ಮಾಡಿದರೆ, ದುಡಿಯುವ ಹೊತ್ತಿನಲ್ಲೇ ಕೆಳಗಿನ ಕೋಣೆ ಮೊದಲು ಬಡಿಯುತ್ತದೆ. ಅವರಿಗೆ ಬೇಡದ ಹೊತ್ತಿಗೇ ಆ ಸಂಕಟ ತಂದುಕೊಟ್ಟಂತೆ.

ಹಾಗಾಗಿ ಡ್ಯುಯಲ್‌ಗೆ ಬದಲಿಸುವ ತೀರ್ಮಾನ. ಮೊದಲು ತೋಳಿನಿಂದ ಡೈ ಬಿಟ್ಟು, ಹಳೇ ತಂತಿ ಇರುವ ರಕ್ತನಾಳದಲ್ಲಿ ಇನ್ನೊಂದಕ್ಕೆ ದಾರಿ ಇದೆಯೇ ಅಂತ ನೋಡಿದರು. ಇತ್ತು. ಹಳೇ ತಂತಿಯನ್ನು ಹಾಗೇ ಉಳಿಸಿಕೊಂಡು, ಮೇಲಿನ ಕೋಣೆಗೆ ಹೊಸ ತಂತಿ, ಹೊಸ ಪೆಟ್ಟಿಗೆ. ಎಂಟು ಹತ್ತು ವರ್ಷ ಬರಬೇಕಿದ್ದ ಹಳೇ ಪೆಟ್ಟಿಗೆ ಐದೇ ತಿಂಗಳಿಗೆ ಹೊರಗೆ ಬಂತು. ಎರಡನೇ ಸಲ ಅದೇ ಜಾಗ ತೆರೆದರೆ ಸೋಂಕಿನ ಭಯ ಮೊದಲ ಸಲಕ್ಕಿಂತ ಜಾಸ್ತಿ. ಅದನ್ನು ಮುಚ್ಚಿಡದೆ ಹೇಳಿದೆವು. ದುಡ್ಡಿಗೆ ಸೊಸೆ ತನ್ನ ಬಳೆ ಅಡ ಇಟ್ಟರು. ಎರಡೂ ಸಲದ ಖರ್ಚು ಕೂಡಿದರೆ, ಮೊದಲೇ ಡ್ಯುಯಲ್ ಹಾಕಿಸಿದ್ದಕ್ಕಿಂತ ಬಹಳ ಜಾಸ್ತಿ.

ಎರಡು ತಂತಿ ಹಾಕಿದರೆ ಕೆಲಸ ಮುಗಿಯಲಿಲ್ಲ. ಕೆಳಗಿನ ಕೋಣೆಯನ್ನು ಯಂತ್ರ ಸುಮ್ಮಸುಮ್ಮನೆ ಬಡಿಸದಂತೆ ಹೊಂದಿಸಬೇಕು. ಮೇಲಿನದನ್ನು ಬಡಿಸಿದ ಮೇಲೆ ತಾಳ್ಮೆಯಿಂದ ಕಾಯಬೇಕು, ಸ್ವಂತ ತಂತಿ ಕೆಳಗೆ ಸುದ್ದಿ ಮುಟ್ಟಿಸಲು ಬಿಡಬೇಕು. ಬಲ ಕೆಳ ಕೋಣೆಯನ್ನು ವರ್ಷಗಟ್ಟಲೆ ಜಾಸ್ತಿ ಬಡಿಸಿದರೆ ಕೆಲವರಲ್ಲಿ ಪಂಪಿಂಗ್ ಸೋಲುತ್ತದೆ. ಮೂರು ತಿಂಗಳ ನಂತರದ ಲೆಕ್ಕ: ಮೇಲಿನ ಕೋಣೆಯಲ್ಲಿ ಯಂತ್ರದ ಬಡಿತ 82%, ಕೆಳಗಿನ ಕೋಣೆಯಲ್ಲಿ 2%. ಯಂತ್ರ ಬಡಿಸಿದಾಗಲೂ ಸ್ವಂತ ಬಡಿತ ಇದ್ದಾಗಲೂ ಬಿಪಿ ಒಂದೇ. ಕತ್ತು ಶಾಂತ.

ಈ ಪ್ರಕರಣದಿಂದ ನಾನು ಬದಲಿಸಿಕೊಂಡದ್ದು

ಸಿಂಗಲ್ ಅಂದರೆ ಬಡವರ ಯಂತ್ರ, ಡ್ಯುಯಲ್ ಅಂದರೆ ಶ್ರೀಮಂತರ ಯಂತ್ರ ಅಂತ ಇದನ್ನು ಓದಬೇಡಿ. ಅದೇ ವರ್ಷ ಇನ್ನೊಬ್ಬ ಅಜ್ಜ ಬಂದಿದ್ದರು, 80 ದಾಟಿದವರು. ಅವರದು ಏಟ್ರಿಯಲ್ ಫಿಬ್ರಿಲೇಶನ್, ಮೇಲಿನ ಕೋಣೆ ವರ್ಷಗಳಿಂದ ಬರೀ ನಡುಗುತ್ತಿತ್ತು, ಹಿಂಡುತ್ತಿರಲಿಲ್ಲ. ಮತ್ತೆ ಸರಿಯಾಗುವ ಆಸೆಯೂ ಇರಲಿಲ್ಲ. ಬಡಿತ 35. ಅವರಿಗೆ ಸಿಂಗಲ್ಲೇ ಸರಿ. ಹಿಂಡದ ಕೋಣೆಗೆ ಇನ್ನೊಂದು ತಂತಿ ಹಾಕಿ ಏನು ಬಂತು? ಮಕ್ಕಳು ಒಳ್ಳೆಯದೇ ಹಾಕಿಸ್ತೀವಿ, ಡ್ಯುಯಲ್ ಹಾಕ್ರಿ ಅಂತ ಹಟ ಹಿಡಿದಿದ್ದರು. ಬೇಡ ಅಂತ ಒಪ್ಪಿಸಲು ಅರ್ಧ ಗಂಟೆ ಬೇಕಾಯಿತು.

ಹೃದಯದ ಸ್ವಂತ ತಂತಿಯೇ ಕಡಿದಿರುವವರ, ಅಂದರೆ ಹಾರ್ಟ್ ಬ್ಲಾಕ್ ಇರುವವರ ಲೆಕ್ಕ ಬೇರೆ. ಬ್ರಿಟನ್ನಿನ ಯುಕೆ ಪೇಸ್ ಅಧ್ಯಯನ 2005ರಲ್ಲಿ ಪ್ರಕಟವಾಯಿತು. 70 ದಾಟಿದ, ಹೆಚ್ಚಿನ ಮಟ್ಟದ ಬ್ಲಾಕ್ ಇದ್ದ 2,021 ಮಂದಿಯಲ್ಲಿ ಸಿಂಗಲ್ ಆಗಲಿ ಡ್ಯುಯಲ್ ಆಗಲಿ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಾರ್ವತವ್ವನಂತೆ ಸೈನಸ್ ನೋಡ್ ಸೋತವರ ಮೇಲೆ ಅಮೆರಿಕದಲ್ಲಿ ನಡೆದ ಮೋಸ್ಟ್ ಅಧ್ಯಯನದಲ್ಲೂ (2002) ಸಾವಿನಲ್ಲಿ ವ್ಯತ್ಯಾಸ ಇರಲಿಲ್ಲ. ಆದರೆ ಕೆಳಗಿನ ಕೋಣೆಯನ್ನು ಮಾತ್ರ ಬಡಿಸಿದ 996 ಮಂದಿಯಲ್ಲಿ ಸುಮಾರು 18% ಜನರಿಗೆ ಪಾರ್ವತವ್ವನ ಸಂಕಟವೇ ತೀವ್ರವಾಗಿ ಬಂತು. ಡ್ಯುಯಲ್ ಇದ್ದವರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಕೂಡ ಕಮ್ಮಿ. "ಸಿಂಗಲ್ ಕೂಡ ಜೀವ ಉಳಿಸುತ್ತದೆ" ಅಂತ ನಾನು ಮಗನಿಗೆ ಹೇಳಿದ್ದರೆ ಅದು ನಿಜವೇ ಆಗುತ್ತಿತ್ತು. ಜೀವ ಉಳಿದ ಮೇಲೆ ರೊಟ್ಟಿ ಬಡಿಯಲಿಕ್ಕೆ ಆಗುತ್ತದೆಯೇ ಅನ್ನೋದು ಅವರಿಗೆ ಬೇಕಿದ್ದ ಉತ್ತರ. ನಾನು ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

ಮೇಲಿನ ಕೋಣೆಗೆ ಮಾತ್ರ ಒಂದು ತಂತಿ ಹಾಕಿದರೆ ಸಾಕಲ್ಲ, ದುಡ್ಡೂ ಉಳಿಯುತ್ತದೆ ಅಂತ ಓದುಗರಿಗೆ ಅನ್ನಿಸಬಹುದು. ಡೆನ್ಮಾರ್ಕಿನ ಡ್ಯಾನ್‌ಪೇಸ್ ಅಧ್ಯಯನ (2011) ಅದನ್ನೇ ನೋಡಿತು, 1,415 ಮಂದಿಯಲ್ಲಿ. ಹಾಗೆ ಹಾಕಿಸಿಕೊಂಡವರಲ್ಲಿ ಸುಮಾರು 9% ಜನರಿಗೆ ಮುಂದೆ ಡ್ಯುಯಲ್‌ಗೆ ಬದಲಿಸಬೇಕಾಯಿತು. ಇವತ್ತು ಚೆನ್ನಾಗಿರುವ ಹೃದಯದ ಸ್ವಂತ ತಂತಿ ನಾಳೆಯೂ ಚೆನ್ನಾಗಿರುತ್ತದೆ ಅನ್ನುವಂತಿಲ್ಲ.

ಈಗ ಯಾರಾದರೂ ಫೋನ್ ಮಾಡಿ "ಯಾವುದು ಸಾಕು?" ಅಂದರೆ, ಉತ್ತರ ಹೇಳುವ ಮೊದಲು ಇಸಿಜಿ, ಹೋಲ್ಟರ್ ಎರಡನ್ನೂ ವಾಟ್ಸಾಪ್‌ನಲ್ಲಿ ಕಳಿಸಿ ಅನ್ನುತ್ತೇನೆ. ಮೇಲಿನ ಕೋಣೆ ಹಿಂಡುತ್ತಿದೆಯೇ, ಹೃದಯದ ಸ್ವಂತ ತಂತಿ ಚೆನ್ನಾಗಿದೆಯೇ, ಸ್ವಂತ ಬಡಿತ ಎಷ್ಟು, ಯಂತ್ರವನ್ನು ಎಷ್ಟಕ್ಕೆ ಇಡುತ್ತಾರೆ. ಕೊನೆಯ ಎರಡು ಅಂಕಿಯನ್ನು ಅಕ್ಕಪಕ್ಕ ಬರೆದು ನೋಡುತ್ತೇನೆ. ದುಡ್ಡಿನ ಮಾತು ಬಂದರೆ, ಸರಕಾರಿ ಆರೋಗ್ಯ ಕಾರ್ಡಿನಲ್ಲಿ ಆಗುತ್ತದೆಯೇ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲು ವಿಚಾರಿಸಲು ಹೇಳುತ್ತೇನೆ. ಒಂದೆರಡು ವಾರ ಕಾಯಬಹುದಾದ ಪ್ರಕರಣವಾದರೆ ಕಾದು ಸರಿಯಾದದ್ದನ್ನೇ ಹಾಕಿಸಿ ಅನ್ನುತ್ತೇನೆ. ಯಂತ್ರ ಹಾಕಿಸಿಕೊಂಡವರು ಬಂದು ಸುಸ್ತು ಅಂದರೆ, ಚೀಟಿ ಓದುವ ಮೊದಲು ಕತ್ತು ನೋಡುತ್ತೇನೆ.

ಪಾರ್ವತವ್ವ ಕಳೆದ ತಿಂಗಳು ಬಂದಿದ್ದರು. ಈಗ ನೂರು ರೊಟ್ಟಿ ಅವರು, ನೂರು ಸೊಸೆ. ಪೇಸ್‌ಮೇಕರ್ ಕಾರ್ಡಿನ ಹಿಂಬದಿಗೆ "ಟಿಮೊಲಾಲ್ ಕಣ್ಣಿನ ಹನಿ ಬೇಡ, ಬದಲಿಸುವ ಮೊದಲು ಫೋನ್ ಮಾಡಿ" ಅಂತ ಕನ್ನಡದಲ್ಲಿ ದಪ್ಪಗೆ ಬರೆದು ಕೊಟ್ಟಿದ್ದೆ. ಕಾರ್ಡ್ ಎಲ್ಲಿದೆ ಅಂತ ಕೇಳಿದೆ. ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಎಣ್ಣೆ ಕಲೆ ಆಗಿತ್ತು, ಆದರೆ ಅಕ್ಷರ ಓದಲು ಬರುತ್ತಿತ್ತು.